ಸತ್ಯಘೋಷನ ಕಿರುಗತ್ತಿ
ಮೌಲ್ಯಾಧಾರಿತ ರಾಜಕಾರಣದ ಇತಿಹಾಸದಿಂದ ಒಂದು ಪಾಠ

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಪಾಪಗಳಿಗೆ ಐವರನ್ನು ಉದಾಹರಣೆಯಾಗಿ ಹೆಸರಿಸಿದ್ದಾರೆ. ಅಸತ್ಯಕ್ಕೆ ಅವರು ಆರಿಸಿಕೊಂಡವನು ಸತ್ಯಘೋಷ. ಸುಳ್ಳುಗಾರನಿಗೆ ಇಂಥ ಹೆಸರು ಬಂದುದು ಹೇಗೆ ಎಂಬುದನ್ನು ಟೀಕಾಕಾರ ಪ್ರಭಾಚಂದ್ರರು ಕಥೆಯಾಗಿ ವಿವರಿಸಿದ್ದಾರೆ. ಸಿಂಹಪುರದ ರಾಜ ಸಿಂಹಸೇನನ ಪುರೋಹಿತನಾದ ಶ್ರೀಭೂತಿಯು ತನ್ನ ಜನಿವಾರಕ್ಕೆ ಒಂದು ಕಿರುಗತ್ತಿಯನ್ನು ಕಟ್ಟಿಕೊಂಡು ತಿರುಗುತ್ತಿದ್ದನು. ತನ್ನ ಬಾಯಿಂದ ಸುಳ್ಳು ಹೊರಟರೆ ಅದೇ ಕತ್ತಿಯಿಂದ ನಾಲಗೆಯನ್ನು ಕೊಯ್ದುಕೊಳ್ಳುವೆನೆಂದು ಸಾರಿದ್ದನು. ಆ ನಿಯಮವನ್ನು ಅವನ ಮೇಲೆ ಯಾರೂ ಹೇರಿರಲಿಲ್ಲ, ಅವನೇ ಹಾಕಿಕೊಂಡದ್ದು. ಜನರು ಅದನ್ನು ಮೆಚ್ಚಿ ಅವನಿಗೆ ಸತ್ಯಘೋಷನೆಂದು ಹೆಸರಿಟ್ಟರು. ನಂಬಿ ತಮ್ಮ ಒಡವೆ ವಸ್ತುಗಳನ್ನು ಅವನಲ್ಲಿ ಇಡತೊಡಗಿದರು.

ಒಬ್ಬ ವ್ಯಾಪಾರಿಯು ಸಮುದ್ರಯಾನಕ್ಕೆ ಹೊರಡುವ ಮುನ್ನ ಐದು ರತ್ನಗಳನ್ನು ಅವನಲ್ಲಿಟ್ಟು ಹೋದನು. ಹಡಗು ಒಡೆದು ಎಲ್ಲವನ್ನೂ ಕಳೆದುಕೊಂಡು ಬರಿಗೈಯಲ್ಲಿ ಮರಳಿ ಬಂದು ಕೇಳಿದಾಗ, ನಷ್ಟದಿಂದ ಇವನಿಗೆ ಬುದ್ಧಿಭ್ರಮೆಯಾಗಿದೆಯೆಂದು ಪುರೋಹಿತನು ಕೈ ತಿರುವಿದನು. ಊರು ಪುರೋಹಿತನ ಮಾತನ್ನು ನಂಬಿತು. ವ್ಯಾಪಾರಿಯು ಅರಮನೆಯ ಬಳಿಯ ಮರವೇರಿ ತಿಂಗಳುಗಟ್ಟಲೆ ಅದೇ ಮಾತನ್ನು ಕೂಗಿದನು. ದಿನವೂ ಒಂದೇ ಮಾತನ್ನು ಆಡುವವನು ಹುಚ್ಚನಾಗಲಾರನೆಂದು ಅರಿತವಳು ರಾಣಿ ರಾಮದತ್ತೆ. ಆಕೆ ಪಗಡೆಯಾಟದಲ್ಲಿ ಪುರೋಹಿತನ ಉಂಗುರವನ್ನೂ ಕಿರುಗತ್ತಿಯಿದ್ದ ಜನಿವಾರವನ್ನೂ ಗೆದ್ದು, ಅವನ್ನೇ ಗುರುತಾಗಿ ಅವನ ಮನೆಗೆ ಕಳಿಸಿ ರತ್ನಗಳನ್ನು ತರಿಸಿದಳು. ಜನರ ನಂಬಿಕೆಯನ್ನು ಗಳಿಸಿಕೊಟ್ಟ ಕತ್ತಿಯೇ ಅವನ ವಂಚನೆಗೆ ಸಾಕ್ಷಿಯಾಯಿತು.

ಸಿಂಹಪುರದಲ್ಲಿ ಸುಳ್ಳು ಹೇಳುವ ಬೇರೆ ಜನರು ಇರಲಿಲ್ಲವೆಂದು ಕಥೆ ಹೇಳುವುದಿಲ್ಲ. ಆದರೆ ಅವರಾರ ಹೆಸರೂ ಉಳಿಯಲಿಲ್ಲ. ಲೋಕದ ಸಿಟ್ಟಿಗೆ ಗುರಿಯಾದವನು, ಸತ್ಯವನ್ನೇ ತನ್ನ ಗುರುತಾಗಿ ಮಾಡಿಕೊಂಡವನು. ನಿಯಮವಿಲ್ಲದವನ ತಪ್ಪನ್ನು ಜನರು ಸಹಿಸುತ್ತಾರೆ, ನಿಯಮವನ್ನು ಸಾರಿದವನ ತಪ್ಪನ್ನು ಸಹಿಸುವುದಿಲ್ಲ. ಇದು ನ್ಯಾಯವೇ? ಕರ್ನಾಟಕದ ಆಧುನಿಕ ಇತಿಹಾಸದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ತೀಕ್ಷ್ಣವಾಗಿ ಎತ್ತಿದ ಪ್ರಸಂಗವೆಂದರೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಏಳುಬೀಳು. ಸತ್ಯಘೋಷನಿಗೂ ಅವರಿಗೂ ಸಮಾನತೆ ಕಲ್ಪಿಸುವುದು ಇಲ್ಲಿನ ಉದ್ದೇಶವಲ್ಲ. ಪುರೋಹಿತನು ಪರರ ರತ್ನವನ್ನು ಬಚ್ಚಿಟ್ಟವನು. ಹೆಗಡೆಯವರು ನಾಡಿಗೆ ಬಾಳುವ ಸಂಸ್ಥೆಗಳನ್ನು ಕೊಟ್ಟವರು. ಹೋಲಿಕೆಯಿರುವುದು ಕಿರುಗತ್ತಿಯ ವಿಷಯದಲ್ಲಿ ಮಾತ್ರ.

ನಿಯಮದ ಬೆಲೆಯನ್ನು ಅರಿತ ಸೀಮೆ

ಕೃಷ್ಣೆಯ ದಂಡೆಯ ಅಂಕಲಿಯಿಂದ ಹಿಡಿದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳವರೆಗಿನ ಸೀಮೆಯಲ್ಲಿ ‘ನಿಯಮ’ ಎಂಬ ಮಾತಿಗೆ ವಿಶೇಷವಾದ ತೂಕವುಂಟು. ಆಚಾರ್ಯ ಶಾಂತಿಸಾಗರರ ಭೋಜ, ಆಚಾರ್ಯ ವಿದ್ಯಾನಂದರ ಶೇಡಬಾಳ, 2024ರ ಫೆಬ್ರವರಿಯಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರರ ಸದಲಗಾ ಇವೆಲ್ಲವೂ ಇದೇ ಸೀಮೆಯ ಊರುಗಳು. ಇಲ್ಲಿನ ಶ್ರಾವಕರ ಮನೆಗಳಲ್ಲಿ ಮುನಿಗಳ ಮುಂದೆ ನಿಯಮ ಹಿಡಿಯುವುದು ಸಾಮಾನ್ಯ ಸಂಗತಿ. ರಾತ್ರಿಭೋಜನ ತ್ಯಾಗವಾಗಲಿ, ಒಂದು ಕಂದಮೂಲದ ತ್ಯಾಗವಾಗಲಿ, ಹಿಡಿದ ನಿಯಮ ಚಿಕ್ಕದಾದರೂ ಅದನ್ನು ಮುರಿದವನ ಮನಸ್ಸಿಗೆ ನೆಮ್ಮದಿಯಿರುವುದಿಲ್ಲ. ಮನೆಯ ಮಕ್ಕಳು ಕೂಡ ಅದನ್ನು ಗಮನಿಸುತ್ತಿರುತ್ತಾರೆ.

ಇದೇ ಸೀಮೆಯು ರಾಜಕೀಯದ ಸಿಟ್ಟನ್ನೂ ಚೆನ್ನಾಗಿ ಬಲ್ಲದು. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ರಾಷ್ಟ್ರೀಯ ಹೆದ್ದಾರಿಯಲ್ಲಿ ಕುಳಿತರು. ಅವರು ಕುಳಿತ ಜಾಗಕ್ಕೆ ಆಂದೋಲನ ನಗರವೆಂದೇ ಹೆಸರಾಯಿತು. ಏಪ್ರಿಲ್ 6ರಂದು ಪೊಲೀಸರು ಗೋಲಿಬಾರು ಮಾಡಿ ರೈತರು ಪ್ರಾಣ ಕಳೆದುಕೊಂಡರು. ಅದಕ್ಕೆ ಹಿಂದಿನ ವರ್ಷ, 1980ರ ಜುಲೈಯಲ್ಲಿ, ನವಲಗುಂದ ನರಗುಂದಗಳಲ್ಲಿ ರೈತರ ರಕ್ತ ಹರಿದಿತ್ತು. ಗುಂಡೂರಾಯರ ಸರ್ಕಾರದ ಮೇಲೆ ಜನರಿಗಿದ್ದ ಅಸಮಾಧಾನವು 1983ರ ಜನವರಿಯ ಚುನಾವಣೆಯಲ್ಲಿ ಹೊರಬಿತ್ತು. ಕರ್ನಾಟಕದ ಇತಿಹಾಸದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರವು ಅಸ್ತಿತ್ವಕ್ಕೆ ಬಂದಿತು. 224 ಸ್ಥಾನಗಳ ಸಭೆಯಲ್ಲಿ ಜನತಾ ಪಕ್ಷಕ್ಕೆ ಬಂದವು 95 ಮಾತ್ರ. ಇತರರ ಬೆಂಬಲದಿಂದ ಜನವರಿ 10ರಂದು ಉತ್ತರ ಕನ್ನಡದ ಸಿದ್ದಾಪುರ ಮೂಲದ ವಕೀಲ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು.

ಸ್ವಂತ ಬಹುಮತವಿಲ್ಲದ ಸರ್ಕಾರಕ್ಕೆ ಸಂಖ್ಯೆಯ ಬಲಕ್ಕಿಂತ ನೈತಿಕ ಬಲವು ಹೆಚ್ಚು ಬೇಕಾಗಿತ್ತು. ಹೆಗಡೆಯವರು ಆ ಬಲವನ್ನು ‘ಮೌಲ್ಯಾಧಾರಿತ ರಾಜಕಾರಣ’ ಎಂಬ ಮಾತಿನಲ್ಲಿ ಕಂಡುಕೊಂಡರು. ಇದು ಬರಿಯ ಘೋಷಣೆಯಾಗಿ ಉಳಿಯಲಿಲ್ಲ ಎಂಬುದನ್ನು ಒಪ್ಪಲೇಬೇಕು. ಅಧಿಕಾರದಲ್ಲಿರುವವರ ಮೇಲೆ ಬರುವ ದೂರುಗಳನ್ನು ವಿಚಾರಿಸಲು 1984ರಲ್ಲಿ ಲೋಕಾಯುಕ್ತ ಕಾಯಿದೆಯಾಯಿತು. 1986ರಲ್ಲಿ ಆ ಸಂಸ್ಥೆ ಕೆಲಸಕ್ಕೆ ತೊಡಗಿತು. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾಯಿದೆಯು 1983ರಲ್ಲಿ ಸಿದ್ಧವಾಗಿ, 1987ರ ಜನವರಿಯಲ್ಲಿ ಚುನಾವಣೆಗಳು ನಡೆದವು. ನಾಲ್ಕರಲ್ಲಿ ಒಂದು ಸ್ಥಾನವು ಹೆಣ್ಣುಮಕ್ಕಳಿಗೆ ಮೀಸಲಾಯಿತು. ಕುಡಿಯುವ ನೀರಿಗಾಗಿ ದುಡಿದು ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬರು ಆ ಕಾರ್ಯದ ಹಿಂದಿನ ಚೇತನವಾಗಿದ್ದರು. ಬೆಂಗಳೂರಿನಲ್ಲಿದ್ದ ಅಧಿಕಾರವು ಕೃಷ್ಣಾ ತೀರದ ಹಳ್ಳಿಗಳ ಚಾವಡಿಯವರೆಗೆ ಬಂದುದು ಆಗಲೇ.

ಮೂರು ರಾಜೀನಾಮೆಗಳು

ಹೆಗಡೆಯವರ ಕಿರುಗತ್ತಿಯೆಂದರೆ ರಾಜೀನಾಮೆ. ತಪ್ಪು ಕಂಡರೆ ಕುರ್ಚಿ ಬಿಡುತ್ತೇನೆ ಎಂಬುದು ಅವರ ರಾಜಕಾರಣದ ಒಳಮಾತಾಗಿತ್ತು. ಆರು ವರ್ಷಗಳೊಳಗೆ ಅವರು ಮೂರು ಬಾರಿ ರಾಜೀನಾಮೆ ಕೊಟ್ಟರು. ಈ ಮೂರನ್ನೂ ಜಮಾಖರ್ಚಿನ ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದು ನೋಡಿದರೆ ಜನರ ಸಿಟ್ಟಿನ ಲೆಕ್ಕವು ಸ್ಪಷ್ಟವಾಗುತ್ತದೆ.

ಮೊದಲನೆಯದು 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯ ನಂತರದ್ದು. ಇಂದಿರಾ ಗಾಂಧಿಯವರ ಹತ್ಯೆಯ ಬಳಿಕ ನಡೆದ ಆ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ ಜನತಾ ಪಕ್ಷಕ್ಕೆ ದಕ್ಕಿದ್ದು 4 ಮಾತ್ರ. ಲೋಕಸಭೆಯ ಸೋಲಿಗೆ ರಾಜ್ಯ ಸರ್ಕಾರವು ಹೋಗಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೂ ಜನರ ವಿಶ್ವಾಸ ತಮಗಿಲ್ಲವೆಂದು ಹೆಗಡೆಯವರು ರಾಜೀನಾಮೆಯಿತ್ತು ವಿಧಾನಸಭೆಯ ವಿಸರ್ಜನೆಗೆ ಸಲಹೆ ಮಾಡಿದರು. 1985ರ ಮಾರ್ಚಿನಲ್ಲಿ ಅದೇ ಮತದಾರರು 139 ಸ್ಥಾನಗಳನ್ನು ಕೊಟ್ಟು ಅವರನ್ನು ಮರಳಿ ಕರೆತಂದರು. ಕುರ್ಚಿಯನ್ನು ಬಿಟ್ಟವನಿಗೇ ಕುರ್ಚಿ ಗಟ್ಟಿಯಾಯಿತು.

ಎರಡನೆಯದು 1986ರ ಫೆಬ್ರವರಿ 13ರಂದು. ಸಾರಾಯಿ ಬಾಟ್ಲಿಂಗ್ ಗುತ್ತಿಗೆಗಳನ್ನು ಸರ್ಕಾರ ನಿರ್ವಹಿಸಿದ ರೀತಿಯನ್ನು ರಾಜ್ಯದ ಹೈಕೋರ್ಟು ಕಟುವಾಗಿ ಟೀಕಿಸಿತು. ಹೆಗಡೆಯವರು ರಾಜೀನಾಮೆ ಕೊಟ್ಟರು. ಆದರೆ ಮೂರೇ ದಿನಗಳಲ್ಲಿ, ಫೆಬ್ರವರಿ 16ರಂದು, ಅದನ್ನು ಹಿಂತೆಗೆದುಕೊಂಡರು. ಪಕ್ಷದವರ ಒತ್ತಾಯವಿತ್ತು, ಅಭಿಮಾನಿಗಳ ಬೇಡಿಕೆಯಿತ್ತು ಎಂಬುದು ನಿಜವಿರಬಹುದು. ಆದರೆ ಒಮ್ಮೆ ಒರೆಯಿಂದ ತೆಗೆದ ಕತ್ತಿಯನ್ನು ಹಾಗೆಯೇ ಒರೆಗೆ ಹಾಕಿದಾಗ ಅದರ ಹರಿತವನ್ನು ಕುರಿತು ನೋಡುಗರಿಗೆ ಸಂದೇಹ ಹುಟ್ಟುವುದು ಸಹಜ.

ಮೂರನೆಯದು 1988ರ ಆಗಸ್ಟ್ 10ರಂದು, ದೂರವಾಣಿ ಕದ್ದಾಲಿಕೆಯ ಹಗರಣದಲ್ಲಿ. ಅಜಿತ್ ಸಿಂಗ್ ಮತ್ತು ಎಚ್. ಡಿ. ದೇವೇಗೌಡರ ನಡುವೆ ನಡೆದುದೆನ್ನಲಾದ ದೂರವಾಣಿ ಸಂಭಾಷಣೆಯು ಪತ್ರಿಕೆಗಳಲ್ಲಿ ಅಚ್ಚಾಯಿತು. ಸುಬ್ರಮಣಿಯನ್ ಸ್ವಾಮಿಯವರು ಆರೋಪಗಳನ್ನು ಮುಂದಿಟ್ಟರು. ಕರ್ನಾಟಕದ ಪೊಲೀಸರ ಕೋರಿಕೆಯ ಮೇಲೆ ರಾಜಕಾರಣಿಗಳೂ ಪತ್ರಕರ್ತರೂ ಉದ್ಯಮಿಗಳೂ ಸೇರಿದಂತೆ ಹಲವರ ದೂರವಾಣಿಗಳನ್ನು ಆಲಿಸಲಾಗಿತ್ತೆಂಬ ವಿವರಗಳನ್ನು ಕೇಂದ್ರ ಸರ್ಕಾರವು ಸಂಸತ್ತಿನ ಮುಂದಿಟ್ಟಿತು. ಆ ಪಟ್ಟಿಯಲ್ಲಿ ಆಳುವ ಪಕ್ಷದ ಭಿನ್ನಮತೀಯರೂ ಇದ್ದುದು ಗಾಯವನ್ನು ಆಳವಾಗಿಸಿತು. ತಾವು ಇದಕ್ಕೆ ಆಜ್ಞೆ ಮಾಡಿರಲಿಲ್ಲವೆಂದು ಹೆಗಡೆಯವರು ಹೇಳಿದರು; ಆದರೂ ನೈತಿಕ ಹೊಣೆ ಹೊತ್ತು ಅಧಿಕಾರ ಬಿಟ್ಟರು. ಈ ಬಾರಿ ಯಾರೂ ಮರಳಿ ಕರೆಯಲಿಲ್ಲ. ಎಸ್. ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು.

ಮೊದಲ ರಾಜೀನಾಮೆಯಲ್ಲಿ ತಪ್ಪಿರಲಿಲ್ಲ, ತ್ಯಾಗವಿತ್ತು. ಎರಡನೆಯದರಲ್ಲಿ ತಪ್ಪಿನ ಮಾತಿತ್ತು, ತ್ಯಾಗ ನಿಲ್ಲಲಿಲ್ಲ. ಮೂರನೆಯದರಲ್ಲಿ ತ್ಯಾಗವಿತ್ತು, ಆದರೆ ಅದನ್ನು ತ್ಯಾಗವೆಂದು ನಂಬುವವರು ಕಡಿಮೆಯಾಗಿದ್ದರು. ಎರಡನೆಯದು ನಿಂತಿದ್ದರೆ ಮೂರನೆಯದಕ್ಕೆ ಬೆಲೆಯಿರುತ್ತಿತ್ತು ಎನ್ನಲು ಅವಕಾಶವಿದೆ.

ಕದ್ದು ಕೇಳುವುದು ಏಕೆ ಪಾಪ?

1988ರಲ್ಲಿ ಹಳ್ಳಿಗಳಲ್ಲಿ ದೂರವಾಣಿ ಅಪರೂಪದ ವಸ್ತು. ಬೆಲ್ಲ ಮತ್ತು ತಂಬಾಕಿನ ಅಡತಿ ಅಂಗಡಿಗಳಲ್ಲಿ ಒಂದು ಕಪ್ಪು ಯಂತ್ರವಿರುತ್ತಿತ್ತು. ಕೊಲ್ಹಾಪುರ, ಸಾಂಗಲಿಗಳ ಪೇಟೆ ಧಾರಣೆ ತಿಳಿಯಲು ಟ್ರಂಕ್ ಕಾಲ್ ನೋಂದಾಯಿಸಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ನಡುವೆ ಕುಳಿತ ಆಪರೇಟರಿಗೆ ಮಾತು ಕೇಳಿಸಬಹುದೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಆ ಮಾತು ಹೊರಗೆ ಬರುವುದಿಲ್ಲವೆಂಬ ಒಂದು ವಿಶ್ವಾಸದ ಮೇಲೆ ವ್ಯವಹಾರ ನಡೆಯುತ್ತಿತ್ತು. ಹೀಗಾಗಿ ಕದ್ದಾಲಿಕೆಯ ಸುದ್ದಿಯು ದೊಡ್ಡವರ ಜಗಳವಾಗಿ ಮಾತ್ರ ಉಳಿಯಲಿಲ್ಲ. ಗುಟ್ಟು ಕಾಯುವುದೇ ಬಂಡವಾಳವಾಗಿದ್ದ ವರ್ತಕನಿಗೂ ಅದರ ಅರ್ಥವಾಯಿತು.

ಜೈನಶಾಸ್ತ್ರವು ಈ ವಿಷಯದಲ್ಲಿ ಆಶ್ಚರ್ಯವಾಗುವಷ್ಟು ನಿಖರವಾಗಿದೆ. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಎರಡು ಗುಟ್ಟಿಗೆ ಸಂಬಂಧಿಸಿದವು. ಏಕಾಂತದಲ್ಲಿ ನಡೆದುದನ್ನು ಬಯಲಿಗೆಳೆಯುವುದು ರಹೋಭ್ಯಾಖ್ಯಾನ. ಪರರ ಮನಸ್ಸಿನ ಆಲೋಚನೆಯನ್ನು ಅವರ ಚಹರೆ ಚರ್ಯೆಗಳಿಂದ ಅರಿತು ಅಸೂಯೆಯಿಂದ ಪ್ರಕಟಿಸುವುದು ಸಾಕಾರಮಂತ್ರಭೇದ. ಗಮನಿಸಬೇಕಾದುದೇನೆಂದರೆ, ಇವೆರಡರಲ್ಲೂ ಹೊರಬೀಳುವ ಮಾತು ನಿಜವೇ ಆಗಿರುತ್ತದೆ. ನಿಜವನ್ನು ಹೇಳಿದರೂ ಸತ್ಯವ್ರತಕ್ಕೆ ಕಳಂಕ ಬರಬಹುದೆಂಬುದು ಆಚಾರ್ಯರ ಸೂಕ್ಷ್ಮದೃಷ್ಟಿ. ಸತ್ಯವ್ರತವೆಂದರೆ ಬಾಯಿಯ ಮಾತೊಂದೇ ಅಲ್ಲ, ಇನ್ನೊಬ್ಬನ ನಂಬಿಕೆಯ ರಕ್ಷಣೆಯೂ ಹೌದು. ಅಚೌರ್ಯವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ರಾಜ್ಯದ ಕಟ್ಟಳೆಯನ್ನು ಮೀರುವುದೆಂದು ಅದರ ಅರ್ಥ. ವರ್ತಕನು ಸುಂಕ ತಪ್ಪಿಸುವಾಗ ಅನ್ವಯಿಸುವ ಆ ಮಾತು, ರಾಜ್ಯವೇ ತನ್ನ ಕಟ್ಟಳೆಯನ್ನು ಮೀರಿದಾಗ ಅನ್ವಯಿಸದೆ ಇರಲಾರದು. 1885ರ ಟೆಲಿಗ್ರಾಫ್ ಕಾಯಿದೆಯು ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆಯ ಸಂದರ್ಭದಲ್ಲಿ ಮಾತ್ರ ಇಂಥ ಆಲಿಕೆಗೆ ಅವಕಾಶ ಕೊಟ್ಟಿತ್ತು. ಪಕ್ಷದೊಳಗಿನ ಭಿನ್ನಮತವು ತುರ್ತೂ ಅಲ್ಲ, ಸುರಕ್ಷತೆಯ ಪ್ರಶ್ನೆಯೂ ಅಲ್ಲ.

ಇಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹೆಗಡೆಯವರತ್ತ ಬೆರಳು ತೋರಿದ ದೆಹಲಿಯ ಸರ್ಕಾರವು, ಪ್ರಜೆಗಳ ಅಂಚೆಯನ್ನು ಒಡೆದು ನೋಡಲು ಅಧಿಕಾರ ಕೊಡುವ ಮಸೂದೆಯೊಂದನ್ನು 1986ರಲ್ಲಿ ಸಂಸತ್ತಿನಲ್ಲಿ ಅಂಗೀಕರಿಸಿತ್ತು. ರಾಷ್ಟ್ರಪತಿ ಜೈಲ್ ಸಿಂಗರು ಅಂಕಿತ ಹಾಕದೆ ಉಳಿಸಿಕೊಂಡುದರಿಂದ ಮಾತ್ರ ಅದು ಕಾಯಿದೆಯಾಗಲಿಲ್ಲ. ಆದರೂ ಜನರ ಸಿಟ್ಟು ಅಂಚೆ ಮಸೂದೆಯ ಮೇಲೆ ಅಷ್ಟಾಗಿ ತಿರುಗಲಿಲ್ಲ. ಕದ್ದಾಲಿಕೆಯ ಮೇಲೆ ತಿರುಗಿತು. ಕಾರಣ ಸ್ಪಷ್ಟ. ಅವರು ಮೌಲ್ಯದ ಮಾತನ್ನು ಆಡಿರಲಿಲ್ಲ, ಇವರು ಆಡಿದ್ದರು.

ವ್ರತಿ ಮತ್ತು ಅವ್ರತಿ

ಹಾಗಾದರೆ ನಿಯಮ ಹಿಡಿಯದಿರುವುದೇ ಕ್ಷೇಮವೆ? ಮೌಲ್ಯದ ಮಾತನ್ನೇ ಎತ್ತದ ರಾಜಕಾರಣಿಗೆ ಮೌಲ್ಯಭಂಗದ ಆರೋಪವೇ ಬರುವುದಿಲ್ಲವಲ್ಲ! ಈ ವಾದವನ್ನು ರಾಜಕಾರಣದಲ್ಲಿ ಮಾತ್ರವಲ್ಲ, ಬಸದಿಯ ಜಗಲಿಯಲ್ಲೂ ಕೇಳಬಹುದು. ಮುರಿದರೆ ಪಾಪ, ಆದ್ದರಿಂದ ನಿಯಮವೇ ಬೇಡ ಎನ್ನುವ ತರುಣರು ಪ್ರತಿ ಚಾತುರ್ಮಾಸದಲ್ಲೂ ಸಿಗುತ್ತಾರೆ.

ಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಆಚಾರ್ಯ ಅಮಿತಗತಿಯವರು ವ್ರತದಿಂದ ಜಾರುವುದರಲ್ಲಿ ನಾಲ್ಕು ಮೆಟ್ಟಿಲುಗಳನ್ನು ಗುರುತಿಸಿದ್ದಾರೆ: ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ. ಮನಸ್ಸಿನ ಶುದ್ಧಿ ಕೆಡುವುದು ಮೊದಲನೆಯದು. ಶೀಲದ ಬೇಲಿಯನ್ನು ದಾಟುವುದು ಎರಡನೆಯದು. ವಿಷಯದಲ್ಲಿ ತೊಡಗುವುದು ಮೂರನೆಯದು. ಅದರಲ್ಲಿಯೇ ಮುಳುಗಿ ನಾಚಿಕೆಯಿಲ್ಲದೆ ನಡೆಯುವುದು ನಾಲ್ಕನೆಯದು. ಬೇಲಿಯೇ ಇಲ್ಲದ ಹೊಲದಲ್ಲಿ ಎತ್ತು ಮೇಯ್ದರೆ ಯಾರೂ ದೂರುವುದಿಲ್ಲ ನಿಜ. ಆದರೆ ಅಲ್ಲಿ ಬೆಳೆಯೂ ಉಳಿಯುವುದಿಲ್ಲ. ಬೇಲಿ ಹಾಕಿದವನ ಹೊಲದಲ್ಲಿ ಒಂದು ಮೂಲೆ ಹಾಳಾದರೆ ಅಲ್ಲಿ ಹಾಳಾಯಿತೆಂದು ತಿಳಿಯುತ್ತದೆ, ಸರಿಪಡಿಸಬಹುದು. ಆದ್ದರಿಂದ ವ್ರತ ಹಿಡಿದು ಎಡವಿದವನು ವ್ರತವನ್ನೇ ಹಿಡಿಯದವನಿಗಿಂತ ಕೀಳಲ್ಲ.

ಆದರೆ ಇದಕ್ಕೊಂದು ಷರತ್ತುಂಟು. ಶಲ್ಯವಿಲ್ಲದವನೇ ವ್ರತಿಯೆಂಬುದು ತತ್ತ್ವಾರ್ಥಸೂತ್ರದ ನಿಲುವು. ಒಳಗೆ ಮುರಿದಿದ್ದರೂ ಹೊರಗೆ ಇದೆಯೆಂದು ತೋರಿಸುವ ಮಾಯಾಶಲ್ಯವು ವ್ರತಭಂಗಕ್ಕಿಂತ ದೊಡ್ಡ ದೋಷ. ಜನರ ಸಿಟ್ಟಿನಲ್ಲಿಯೂ ಇದೇ ವಿವೇಕವಿತ್ತು. ಅವರನ್ನು ಕೆಣಕಿದ್ದು ತಪ್ಪಿಗಿಂತ ಹೆಚ್ಚಾಗಿ, ತಪ್ಪಿನ ನಂತರವೂ ಮೌಲ್ಯದ ಮಾತು ಹಾಗೆಯೇ ಮುಂದುವರಿದದ್ದು.

ಪ್ರಾಯಶ್ಚಿತ್ತದ ಕ್ರಮವೂ ಇಲ್ಲಿ ಬೆಳಕು ಕೊಡುತ್ತದೆ. ಶಾಸ್ತ್ರದಲ್ಲಿ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಿವೆ. ಮೊದಲನೆಯದು ಆಲೋಚನೆ, ಅಂದರೆ ಗುರುವಿನ ಮುಂದೆ ಮುಚ್ಚುಮರೆಯಿಲ್ಲದೆ ದೋಷವನ್ನು ನಿವೇದಿಸುವುದು. ಮುಂದೆ ಹೋದಂತೆ ಛೇದ ಬರುತ್ತದೆ: ದೀಕ್ಷೆಯ ಅವಧಿಯನ್ನೇ ಕಡಿತ ಮಾಡಲಾಗುತ್ತದೆ, ನಿನ್ನೆಯವರೆಗೆ ತನಗೆ ವಂದಿಸುತ್ತಿದ್ದವರಿಗೆ ಮುನಿಯು ಇಂದು ತಾನೇ ವಂದಿಸಬೇಕಾಗುತ್ತದೆ. ಎಲ್ಲದರಲ್ಲೂ ಒಂದು ತತ್ತ್ವ ಸಮಾನ. ದೋಷ ಮಾಡಿದವನು ತನ್ನ ಪ್ರಾಯಶ್ಚಿತ್ತವನ್ನು ತಾನೇ ಗೊತ್ತುಮಾಡಿಕೊಳ್ಳುವುದಿಲ್ಲ, ತಾನೇ ಮುಗಿಸಿಕೊಳ್ಳುವುದೂ ಇಲ್ಲ. ಅದನ್ನು ಆಚಾರ್ಯರು ವಿಧಿಸುತ್ತಾರೆ. 1986ರ ರಾಜೀನಾಮೆಯ ದೌರ್ಬಲ್ಯವಿದ್ದುದು ಇಲ್ಲಿಯೇ. ಶಿಕ್ಷೆಯನ್ನು ಕೊಟ್ಟುಕೊಂಡವರೂ ಮನ್ನಿಸಿಕೊಂಡವರೂ ಒಂದೇ ಪಾಳೆಯದವರಾಗಿದ್ದರು. ಸ್ವಯಂಕೃತ ನಿಯಮವನ್ನು ಸ್ವಯಂ ಅಳೆಯತೊಡಗಿದರೆ ತಕ್ಕಡಿಯ ಮುಳ್ಳು ತನ್ನ ಕಡೆಗೇ ವಾಲುತ್ತದೆ.

ಸಿಟ್ಟಿನ ನಾಲ್ಕು ಗೆರೆಗಳು

1989ರ ಏಪ್ರಿಲ್ 21ರಂದು ಕೇಂದ್ರವು ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿತು. ಆ ವರ್ಷದ ನವೆಂಬರಿನ ಚುನಾವಣೆಯಲ್ಲಿ ಕಾಂಗ್ರೆಸ್ಸು 178 ಸ್ಥಾನ ಗೆದ್ದಿತು. ಜನತಾದಳಕ್ಕೆ ಸಿಕ್ಕಿದ್ದು 24. ಜನತಾ ಪರಿವಾರ ಒಡೆದಿದ್ದುದು ಈ ಸೋಲಿಗೆ ಮುಖ್ಯ ಕಾರಣ, ಕದ್ದಾಲಿಕೆಯೊಂದೇ ಎನ್ನಲಾಗದು. 1990ರಲ್ಲಿ, ಬೆಂಗಳೂರಿನ ಸುತ್ತಲಿನ ಭೂಮಿಯ ವ್ಯವಹಾರಗಳನ್ನು ವಿಚಾರಿಸಿದ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗದ ವರದಿಯು ಹೆಗಡೆಯವರಿಗೆ ಪ್ರತಿಕೂಲವಾಗಿ ಬಂದಿತು. ಅವರು ಯೋಜನಾ ಆಯೋಗದ ಉಪಾಧ್ಯಕ್ಷ ಸ್ಥಾನವನ್ನೂ ಬಿಟ್ಟರು.

1991ರಲ್ಲಿ ಅವರು ಬಾಗಲಕೋಟೆಯಿಂದ ಲೋಕಸಭೆಗೆ ನಿಂತರು. ಎದುರಾಳಿಯಾದ ಸಿದ್ದು ನ್ಯಾಮಗೌಡರು ಆಗ ರಾಜ್ಯಕ್ಕೆ ಅಷ್ಟೇನೂ ಪರಿಚಿತರಲ್ಲ. ಆದರೆ ಕೃಷ್ಣಾ ತೀರದ ರೈತರಿಗೆ ಅವರು ಬೇಕಾದವರಾಗಿದ್ದರು. ಸರ್ಕಾರದ ಹಾದಿ ಕಾಯದೆ, ರೈತರಿಂದಲೇ ಹಣವನ್ನೂ ಶ್ರಮವನ್ನೂ ಕೂಡಿಸಿ, ಚಿಕ್ಕಪಡಸಲಗಿಯಲ್ಲಿ ನದಿಗೆ ಅಡ್ಡಲಾಗಿ 1989ರಲ್ಲಿ ಒಡ್ಡು ಕಟ್ಟಿಸಿದ ಕಾರ್ಯದ ಮುಂದಾಳು ಅವರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರು. ನಾಡಿನ ಪ್ರಖ್ಯಾತ ನಾಯಕನು ಆ ಚುನಾವಣೆಯಲ್ಲಿ ಸೋತರು. ಸೋಲಿಗೆ ಹಲವು ಕಾರಣಗಳಿದ್ದವು; ಚುನಾವಣೆಯ ನಡುವೆಯೇ ರಾಜೀವ್ ಗಾಂಧಿಯವರ ಹತ್ಯೆಯೂ ನಡೆದಿತ್ತು. ಆದರೂ ಕೃಷ್ಣೆಯ ದಂಡೆಯ ಮತದಾರನು ಮಾತಿನ ಮೌಲ್ಯಕ್ಕಿಂತ ಕಲ್ಲು ಮಣ್ಣಿನ ಮೌಲ್ಯವನ್ನು ಆರಿಸಿದನೆಂದು ಹೇಳಿದರೆ ತಪ್ಪಾಗದು.

ಆದರೆ ಆ ಸಿಟ್ಟು ಎಂಥದು? ಕ್ರೋಧವು ಕಷಾಯಗಳಲ್ಲಿ ಮೊದಲನೆಯದು. ಅದು ಧರ್ಮದ ಪರವಾಗಿದ್ದರೂ ಕಷಾಯವೇ. ಶಾಸ್ತ್ರಕಾರರು ಅದನ್ನು ನಾಲ್ಕು ಗೆರೆಗಳಿಗೆ ಹೋಲಿಸಿದ್ದಾರೆ. ಕಲ್ಲಿನ ಮೇಲಿನ ಗೆರೆ ಅಳಿಯದು. ನೆಲದ ಬಿರುಕು ಮಳೆ ಬಂದಾಗ ಕೂಡಿಕೊಳ್ಳುತ್ತದೆ. ಮರಳಿನ ಗೆರೆ ಗಾಳಿಗೆ ಹೋಗುತ್ತದೆ. ನೀರಿನ ಗೆರೆ ಎಳೆದಾಗಲೇ ಮಾಯವಾಗುತ್ತದೆ. ಜನರ ಸಿಟ್ಟು ಕಲ್ಲಿನ ಗೆರೆಯಾಗಿರಲಿಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ. 1996ರಲ್ಲಿ ಜನತಾದಳವು ಹೆಗಡೆಯವರನ್ನು ಉಚ್ಚಾಟಿಸಿತು. ಅವರು ಲೋಕಶಕ್ತಿ ಪಕ್ಷವನ್ನು ಕಟ್ಟಿದರು. 1998ರ ಲೋಕಸಭಾ ಚುನಾವಣೆಯಲ್ಲಿ ಆ ಪಕ್ಷಕ್ಕೆ ರಾಜ್ಯದಲ್ಲಿ 3 ಸ್ಥಾನಗಳು ಬಂದವು. ಏಳು ವರ್ಷಗಳ ಹಿಂದೆ ಅವರನ್ನು ಸೋಲಿಸಿದ್ದ ಬಾಗಲಕೋಟೆ ಅವುಗಳಲ್ಲಿ ಒಂದು. ಅಂಕಲಿಯನ್ನು ಒಳಗೊಂಡ ಚಿಕ್ಕೋಡಿ ಇನ್ನೊಂದು. ಇಲ್ಲಿ ಗೆದ್ದವರು ರಮೇಶ ಜಿಗಜಿಣಗಿಯವರು. ಹೆಗಡೆಯವರು ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಮಂತ್ರಿಯಾದರು. ಬಿರಿದ ಎರೆನೆಲವು ಮಳೆಗೆ ಕೂಡಿಕೊಂಡಂತೆ ಜನರ ಮನಸ್ಸು ಬಹುಮಟ್ಟಿಗೆ ಕೂಡಿಕೊಂಡಿತು. 2004ರ ಜನವರಿ 12ರಂದು ಹೆಗಡೆಯವರು ತೀರಿಕೊಂಡಾಗ, ಕದ್ದಾಲಿಕೆಯ ಜೊತೆಗೆ ಪಂಚಾಯಿತಿಯನ್ನೂ ಲೋಕಾಯುಕ್ತವನ್ನೂ ಜನರು ನೆನೆದರು.

ಉಳಿದುದು ನಿಯಮ

ನಾಯಕನು ಎಡವಿದ, ಅವನು ಸಾರಿದ ನಿಯಮದ ಗತಿಯೇನಾಯಿತು? ಈ ಪ್ರಶ್ನೆಗೆ ಇತಿಹಾಸವು ಸಮಾಧಾನಕರವಾದ ಉತ್ತರವನ್ನೇ ಕೊಟ್ಟಿದೆ. ರಾಜಕಾರಣಿಗಳ ದೂರವಾಣಿ ಕದ್ದಾಲಿಕೆಯ ಬಗ್ಗೆ ಸಿಬಿಐ ನೀಡಿದ ವರದಿಯೊಂದು 1991ರಲ್ಲಿ ಬೆಳಕಿಗೆ ಬಂದ ಬಳಿಕ, ಪಿಯುಸಿಎಲ್ ಸಂಸ್ಥೆಯು ಸುಪ್ರೀಂ ಕೋರ್ಟಿನ ಮೊರೆ ಹೊಕ್ಕಿತು. 1996ರ ಡಿಸೆಂಬರ್ 18ರ ತೀರ್ಪಿನಲ್ಲಿ ನ್ಯಾಯಾಲಯವು ಆಲಿಕೆಯ ಅಧಿಕಾರಕ್ಕೆ ಕಟ್ಟುಪಾಡು ವಿಧಿಸಿತು: ಗೃಹ ಕಾರ್ಯದರ್ಶಿಯ ಆದೇಶವಿರಬೇಕು, ಒಂದು ಆದೇಶವು 2 ತಿಂಗಳಿಗೆ ಮಾತ್ರ, ಒಟ್ಟು ಅವಧಿ 6 ತಿಂಗಳನ್ನು ಮೀರಬಾರದು, ಪರಿಶೀಲನಾ ಸಮಿತಿಯೊಂದು ಅದನ್ನು ನೋಡಬೇಕು. ಆ ತೀರ್ಪನ್ನು ಬರೆದವರು ಅದೇ ನ್ಯಾಯಮೂರ್ತಿ ಕುಲದೀಪ್ ಸಿಂಗರು. 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಸಾರಿದಾಗ, ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

ಲೋಕಾಯುಕ್ತವೂ ತನ್ನ ಜನಕನ ಕಾಲವನ್ನು ಮೀರಿ ಬಾಳಿತು. 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯ ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿ ಬಂದಾಗ, ಆಗಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಅದೇ ತಿಂಗಳ 31ರಂದು ರಾಜೀನಾಮೆ ಕೊಡಬೇಕಾಯಿತು. 2016ರಲ್ಲಿ ವಿಶೇಷ ನ್ಯಾಯಾಲಯವು ಅದಕ್ಕೆ ಸಂಬಂಧಿಸಿದ ಲಂಚದ ಮೊಕದ್ದಮೆಯಲ್ಲಿ ಅವರನ್ನು ದೋಷಮುಕ್ತಗೊಳಿಸಿತೆಂಬುದನ್ನೂ ಜೊತೆಯಲ್ಲೇ ದಾಖಲಿಸಬೇಕು. ಅದೇ 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ ಲೋಕಾಯುಕ್ತದ ಹಲ್ಲು ಕೀಳಲಾಯಿತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನು ರದ್ದುಮಾಡಿ ಅಧಿಕಾರವನ್ನು ಮರಳಿಸಿತು. ನಿಯಮ ಮಾಡಿದವನ ನಾಲಗೆಗಿಂತ ನಿಯಮದ ಆಯುಸ್ಸು ದೊಡ್ಡದು. ಆದ್ದರಿಂದ ನಾಯಕನ ಮೇಲಿನ ಸಿಟ್ಟಿನಲ್ಲಿ ನಿಯಮವನ್ನೇ ಹಳಿಯುವುದು ಅವಿವೇಕ.

ನ್ಯಾಸವೆಂಬ ಮಾತು

ಸತ್ಯಘೋಷನ ಪಾಪಕ್ಕೆ ಶಾಸ್ತ್ರದಲ್ಲಿರುವ ಹೆಸರು ನ್ಯಾಸಾಪಹಾರ. ನಂಬಿ ಇಟ್ಟ ವಸ್ತುವೇ ನ್ಯಾಸ. ಇಂದು ಕನ್ನಡದಲ್ಲಿ ಟ್ರಸ್ಟ್ ಎಂಬುದಕ್ಕೂ ನ್ಯಾಸವೆಂದೇ ಹೇಳುತ್ತಾರೆ. ಮುಖ್ಯಮಂತ್ರಿಯ ಅಧಿಕಾರ ನ್ಯಾಸವಾದರೆ, ಬಸದಿಯ ಟ್ರಸ್ಟಿಯ ಅಧಿಕಾರವೂ ನ್ಯಾಸವೇ. ಆಳುವವರ ನಿಯಮಭಂಗಕ್ಕೆ ಕಟ್ಟೆಯ ಮೇಲೆ ಕುಳಿತು ಸಿಟ್ಟಾಗುವುದು ಸುಲಭ. ಅದೇ ಸಂಜೆ ಟ್ರಸ್ಟಿನ ಸಭೆಯಲ್ಲಿ ತಮ್ಮದೇ ನಿಯಮಾವಳಿಯ ಕಲಮನ್ನು ‘ಈ ಒಂದು ಸಲಕ್ಕೆ’ ಎಂದು ಬದಿಗಿಡುವುದೂ ಅಷ್ಟೇ ಸುಲಭ. ಅವಧಿ ಮುಗಿದರೂ ಚುನಾವಣೆ ನಡೆಸದ ಅಧ್ಯಕ್ಷ, ಸವಾಲಿನ ಹಣವನ್ನು ವರ್ಷ ಕಳೆದರೂ ಜಮಾ ಮಾಡದ ಮುಖಂಡ, ಪಂಚಕಲ್ಯಾಣದ ಖರ್ಚಿನ ಪಟ್ಟಿಯನ್ನು ಸಭೆಯ ಮುಂದಿಡದ ಖಜಾಂಚಿ, ಇವರಾರೂ ವಿಧಾನಸೌಧದಲ್ಲಿಲ್ಲ.

ಪರಿಹಾರವೂ ಹೊಸದಲ್ಲ. ನಿಯಮವನ್ನು ಹಿಡಿಯಬೇಕು. ಅಳತೆ ಮಾಡುವ ಕೆಲಸವನ್ನು ಹೊರಗಿನವರಿಗೆ ಕೊಡಬೇಕು. ಲೆಕ್ಕ ಪರಿಶೋಧಕನು ಅಧ್ಯಕ್ಷರ ನೆಂಟನಾಗಿರಬಾರದು. ತಪ್ಪು ಕಂಡಾಗ ಮೊದಲು ಆಲೋಚನೆ, ಆಮೇಲೆ ಸಮರ್ಥನೆ. ಈ ಕ್ರಮ ಹಿಂದುಮುಂದಾಗಬಾರದು. ಸ್ಥಾನವನ್ನು ಬಿಡುವ ಪ್ರಸಂಗ ಬಂದರೆ ಮೂರು ದಿನಕ್ಕೆ ಬಿಡಬಾರದು. ಮರವೇರಿ ಒಂದೇ ಮಾತನ್ನು ಕೂಗುವವನನ್ನು ಹುಚ್ಚನೆಂದು ತಳ್ಳುವ ಮೊದಲು ರಾಮದತ್ತೆಯಂತೆ ಒಮ್ಮೆ ವಿಚಾರಿಸಬೇಕು. ಸಭೆಯಲ್ಲಿ ಪ್ರತಿ ವರ್ಷವೂ ಅದೇ ಲೆಕ್ಕವನ್ನು ಕೇಳುವ ವೃದ್ಧ ಸದಸ್ಯನೊಬ್ಬನು ಎಲ್ಲ ಊರಿನಲ್ಲಿಯೂ ಇರುತ್ತಾನೆ.

1988ರ ಆ ರಾಜೀನಾಮೆ ಬಂದುದು ಚಾತುರ್ಮಾಸದ ದಿನಗಳಲ್ಲಿ. ಮರುತಿಂಗಳೇ ದಶಲಕ್ಷಣ ಪರ್ವ ಬಂದಿತು. ಉತ್ತಮ ಸತ್ಯದ ದಿನವೂ ಕಳೆದು, ಕೊನೆಗೆ ಕ್ಷಮಾವಣಿಯೂ ಬಂದಿತು. ಪರ್ವದ ಕ್ರಮದಲ್ಲಿಯೇ ಒಂದು ಉಪದೇಶವಿದೆ. ಕ್ಷಮೆ ಮೊದಲ ಧರ್ಮ, ಕ್ಷಮಾವಣಿ ಕೊನೆಯ ಆಚರಣೆ. ನಡುವೆ ಸತ್ಯವನ್ನು ದಾಟಿಯೇ ಹೋಗಬೇಕು. ಲೆಕ್ಕ ನೋಡದೆ ಮಾಡಿದ ಕ್ಷಮೆಯು ಸಾಲಮನ್ನಾ ಆಗುತ್ತದೆಯೇ ಹೊರತು ಧರ್ಮವಾಗುವುದಿಲ್ಲ. ಲೆಕ್ಕ ಮುಗಿದ ಮೇಲೂ ಕ್ಷಮಿಸದವನ ಸಿಟ್ಟು ಕಲ್ಲಿನ ಗೆರೆಯಾಗಿ ಅವನಲ್ಲಿಯೇ ಉಳಿಯುತ್ತದೆ.